ಉತ್ತರ ಬೆಂಗಳೂರಿನ ಅರ್ಥಶಾಸ್ತ್ರ ಮತ್ತು ಸಾರ್ವಜನಿಕ ನೀತಿ ಅಧ್ಯಯನಗಳು

ಹೆಬ್ಬಾಳ, ಯಲಹಂಕ, ಜಕ್ಕೂರು, ಯಶವಂತಪುರ, ಆರ್.ಟಿ. ನಗರಗಳಿಂದ ಹಿಡಿದು ದೊಡ್ಡಬಳ್ಳಾಪುರ, ದೇವನಹಳ್ಳಿಗಳವರೆಗೆ ಹಬ್ಬಿರುವ ಸೀಮೆಯಲ್ಲಿ ನಡೆದ ಆರ್ಥಿಕ ಹಾಗೂ ನೀತಿ ಸಂಶೋಧನೆಯ ಸಮೀಕ್ಷೆ ಇದು. ಬೇಸಾಯದ ಖರ್ಚು, ಕೊಳವೆಬಾವಿ, ಹಾಲು, ಕೃಷಿ ಮಾರುಕಟ್ಟೆ, ಭೂಸ್ವಾಧೀನ, ಕೊಳಚೆ ನೀರಿನ ಮರುಬಳಕೆ, ಇಂಧನ ಇಲ್ಲಿನ ವಿದ್ವಾಂಸರು ಮತ್ತೆ ಮತ್ತೆ ಕೈಗೆತ್ತಿಕೊಂಡ ವಿಷಯಗಳು. ಹೊರನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಇವುಗಳನ್ನು ಒಂದು ಎಳೆ ಹಿಡಿದಿಟ್ಟಿದೆ. ಸರ್ಕಾರದ ಕಡತದಲ್ಲಾಗಲಿ ವ್ಯಾಪಾರಿಯ ಖಾತೆಯಲ್ಲಾಗಲಿ ಬರೆಯದೆ ಬಿಟ್ಟುಹೋದ ಖರ್ಚನ್ನು ಹುಡುಕಿ ಲೆಕ್ಕಕ್ಕೆ ತರುವುದೇ ಆ ಎಳೆ. ಮನೆಯಾಕೆಯ ದುಡಿಮೆ, ಬತ್ತಿಹೋದ ಬೋರು, ಜಮೀನು ಹೋದಾಗ ಕೈಬಿಟ್ಟುಹೋಗುವ ಕೂಲಿ, ಕೆರೆಯ ಕೆಳಗಿನ ಊರಿನವರು ಕುಡಿಯುವ ನೀರು, ಇವೆಲ್ಲ ಆ ಲೆಕ್ಕದ ಬಾಬುಗಳು.

ಹಿನ್ನೆಲೆ

1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಪ್ರಾಯೋಗಿಕ ಕೃಷಿ ಕ್ಷೇತ್ರವೊಂದನ್ನು ಆರಂಭಿಸಿದರು. ಮಣ್ಣಿನ ರಸಾಯನ ಬಲ್ಲ ಲೇಮನ್ ಅವರು ಮೊದಲು, 1908ರಿಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಇಲ್ಲಿನ ಕೆಲಸಕ್ಕೆ ದಿಕ್ಕು ಕೊಟ್ಟರು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಮೈಸೂರು ಆರ್ಥಿಕ ಸಮ್ಮೇಳನವನ್ನು ಸ್ಥಾಪಿಸಿದರು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳ ಮೂಲಕ ನಡೆದ ಆ ಸಮ್ಮೇಳನವನ್ನು ಈ ನಾಡಿನ ನೀತಿ ಸಂಶೋಧನೆಯ ಮೊದಲ ವ್ಯವಸ್ಥಿತ ಪ್ರಯತ್ನ ಎನ್ನಬಹುದು. ಅದರ ಹಿಂದಿನ ಪ್ರೇರಕಶಕ್ತಿ ಎಂ. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿ ಇರುವುದೂ ಬೆಂಗಳೂರಿನ ಉತ್ತರಕ್ಕೇ, ನಂದಿಬೆಟ್ಟದ ಮಗ್ಗುಲಲ್ಲಿ. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಪುಸ್ತಕವನ್ನೇ ಬರೆದರು.

ಹೆಬ್ಬಾಳದ ಹೊಲದ ಪಕ್ಕದಲ್ಲಿ 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು ಬಂದವು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಯಲಹಂಕದ ಹಾದಿಯಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿ ಜಿಕೆವಿಕೆ, ಬೆಳೆಯಿತು. ಇಲ್ಲಿನ ಕೃಷಿ ಅರ್ಥಶಾಸ್ತ್ರ ವಿಭಾಗವೇ ಈ ಸೀಮೆಯ ಆರ್ಥಿಕ ಸಂಶೋಧನೆಯ ತಾಯಿಬೇರು. ನಗರದ ಪಶ್ಚಿಮದಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಗೂ (ಐಸೆಕ್) ಜಿಕೆವಿಕೆಗೂ ವಿದ್ವಾಂಸರ ಹೋಗುಬರುವಿಕೆ ಮೊದಲಿನಿಂದಲೂ ಇದೆ.

ಬೇಸಾಯದ ಖರ್ಚಿನ ಲೆಕ್ಕ

‘ಹಾಕಿದ ಬಂಡವಾಳವೂ ಹುಟ್ಟಲಿಲ್ಲ’ ಎಂಬ ಮಾತನ್ನು ಸುಗ್ಗಿ ಮುಗಿದ ಮೇಲೆ ಯಾವ ಹಳ್ಳಿಯಲ್ಲಾದರೂ ಕೇಳಬಹುದು. ಹಾಕಿದ್ದೆಷ್ಟು ಎಂಬುದನ್ನು ಖಚಿತವಾಗಿ ಹೇಳುವುದು ಅರ್ಥಶಾಸ್ತ್ರದ ಕಷ್ಟದ ಕೆಲಸಗಳಲ್ಲಿ ಒಂದು. ಕೇಂದ್ರ ಸರ್ಕಾರ 1970–71ರಿಂದ ನಡೆಸುತ್ತಿರುವ ಪ್ರಮುಖ ಬೆಳೆಗಳ ಬೇಸಾಯ ವೆಚ್ಚದ ಸಮಗ್ರ ಅಧ್ಯಯನ ಯೋಜನೆಯನ್ನು ಕರ್ನಾಟಕದಲ್ಲಿ ನಿರ್ವಹಿಸುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ಆಯ್ದ ಹಳ್ಳಿಗಳ ಪ್ರತಿ ಗುಚ್ಛದಲ್ಲಿ 10 ಹಿಡುವಳಿಗಳು ಅಧ್ಯಯನಕ್ಕೆ ಒಳಪಡುತ್ತವೆ. ಚಿಕ್ಕದರಿಂದ ದೊಡ್ಡದರವರೆಗೆ ಐದು ಗಾತ್ರಗಳಿಂದ ತಲಾ ಎರಡು. ಕ್ಷೇತ್ರ ಸಿಬ್ಬಂದಿ ಆ ಹಳ್ಳಿಗಳ ನಡುವೆಯೇ ಇದ್ದು, ಉಳುಮೆ, ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆಯ ಒಂದೊಂದು ಆಳು, ಒಂದೊಂದು ಜೊತೆ ಎತ್ತು, ಒಂದೊಂದು ಗಾಡಿ ಗೊಬ್ಬರವನ್ನೂ ಬರೆದುಕೊಳ್ಳುತ್ತಾರೆ. ಬೆಳೆ ಮುಗಿದ ಮೇಲೆ ರೈತನ ನೆನಪನ್ನು ಕೆದಕಿ ಕೇಳುವ ಸಮೀಕ್ಷೆಗೂ ಇದಕ್ಕೂ ಇರುವ ಅಂತರ ದೊಡ್ಡದು.

ಹೀಗೆ ಬಂದ ಅಂಕಿಗಳಿಂದ ಹಲವು ಬಗೆಯ ವೆಚ್ಚಗಳನ್ನು ಕಟ್ಟುತ್ತಾರೆ. ಬೀಜ, ಗೊಬ್ಬರ, ಕೂಲಿ, ಬಾಡಿಗೆಯಂಥ ಕೈಯಿಂದ ಬಿಚ್ಚಿದ ಖರ್ಚಿಗೆ ಗುತ್ತಿಗೆಗೆ ಪಡೆದ ಜಮೀನಿನ ಬಾಡಿಗೆಯನ್ನೂ ಸೇರಿಸಿದರೆ ಎ2. ಅದಕ್ಕೆ ಮನೆಮಂದಿಯ ದುಡಿಮೆಗೆ ಕಟ್ಟಿದ ಕೂಲಿಯನ್ನು ಕೂಡಿಸಿದರೆ ಎ2 ಜೊತೆ ಎಫ್‌ಎಲ್. ಸ್ವಂತ ಜಮೀನಿನ ಗೇಣಿ, ಹೂಡಿದ ಬಂಡವಾಳದ ಬಡ್ಡಿ ಎಲ್ಲವನ್ನೂ ಸೇರಿಸಿದರೆ ಸಿ2. ಅಕ್ಷರ, ಅಂಕೆಗಳ ಈ ಆಟ ಒಣ ಪಾರಿಭಾಷಿಕದಂತೆ ಕಾಣುತ್ತದೆ. ಆದರೆ ರೈತ ಚಳವಳಿಯ ಮುಖ್ಯ ಬೇಡಿಕೆ ನಿಂತಿರುವುದೇ ಇದರ ಮೇಲೆ. ಎಂ.ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ ವೆಚ್ಚದ ಮೇಲೆ ಕನಿಷ್ಠ ಶೇ. 50 ಸೇರಿಸಿ ಬೆಂಬಲ ಬೆಲೆ ಕೊಡಬೇಕೆಂದು 2006ರಲ್ಲಿ ಹೇಳಿತು. ಯಾವ ವೆಚ್ಚದ ಮೇಲೆ ಎಂಬುದರಲ್ಲೇ ಜಗಳ. ಸರ್ಕಾರ ಒಪ್ಪಿಕೊಂಡದ್ದು ಎ2 ಜೊತೆ ಎಫ್‌ಎಲ್. ರೈತ ಸಂಘಟನೆಗಳು ಕೇಳುವುದು ಸಿ2. ರಾಗಿಗೆ 2024–25ರಲ್ಲಿ ಕ್ವಿಂಟಲಿಗೆ 2,860 ರೂಪಾಯಿ ವೆಚ್ಚವೆಂದು ಹಿಡಿದು 4,290 ರೂಪಾಯಿ ಬೆಂಬಲ ಬೆಲೆ ಘೋಷಿಸಲಾಯಿತು. 2025–26ಕ್ಕೆ ಅದು 4,886 ರೂಪಾಯಿ ಆಯಿತು. ಈ ಬೆಲೆಯಲ್ಲಿ ಮನೆಯ ಹೆಂಗಸು ಕಳೆ ಕಿತ್ತ ದಿನಗಳಿಗೆ ಕೂಲಿ ಸೇರಿದೆ. ಅವರದೇ ಹೊಲಕ್ಕೆ ಗೇಣಿ ಸೇರಿಲ್ಲ. ಅರ್ಧ ಶತಮಾನದ ಹಿಂದೆ ಮನೆಮಂದಿಯ ದುಡಿಮೆಯನ್ನು ಒಂದು ಅಂಕಣವಾಗಿ ಬರೆದುಕೊಳ್ಳಲು ನಿರ್ಧರಿಸಿದ್ದು ಸಣ್ಣ ಸಾಧನೆಯಲ್ಲ. ಆ ಅಂಕಣ ಇಲ್ಲದಿದ್ದರೆ ಇಂದು ಬೆಲೆಯ ಬಗ್ಗೆ ವಾದಿಸಲು ರೈತನ ಕೈಯಲ್ಲಿ ಆಧಾರವೇ ಇರುತ್ತಿರಲಿಲ್ಲ.

ಜಿಕೆವಿಕೆಯಲ್ಲಿ ಕೃಷಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಟಿ.ಎನ್. ಪ್ರಕಾಶ್ ಕಮ್ಮರಡಿ ಅವರು ಮುಂದೆ ಕರ್ನಾಟಕ ಕೃಷಿ ಬೆಲೆ ಆಯೋಗದ ಅಧ್ಯಕ್ಷರಾದರು. ತರಗತಿಯ ಕೋಷ್ಟಕಗಳು ರಾಜ್ಯದ ನೀತಿಯ ಮೇಜಿಗೆ ಹೋದದ್ದಕ್ಕೆ ಇದು ನೇರ ಉದಾಹರಣೆ. ಪಡಿತರದಲ್ಲಿ ರಾಗಿ, ಜೋಳ ಕೊಡಬೇಕು, ಅದಕ್ಕಾಗಿ ಬೆಂಬಲ ಬೆಲೆಯಲ್ಲಿ ಸ್ಥಳೀಯವಾಗಿಯೇ ಕೊಳ್ಳಬೇಕು ಎಂಬ ವಾದಕ್ಕೆ ಬಲ ಬಂದದ್ದು ಇಂಥ ಅಧ್ಯಯನಗಳಿಂದ.

ಬತ್ತಿದ ಬೋರಿನ ಬೆಲೆ

ಈ ಸೀಮೆಯ ಸಂಶೋಧನೆ ಲೋಕಕ್ಕೆ ಕೊಟ್ಟ ಅತಿ ಮುಖ್ಯ ಕೊಡುಗೆ ಯಾವುದೆಂದರೆ ಈ ಲೇಖಕನ ಎಣಿಕೆಯಲ್ಲಿ ಅಂತರ್ಜಲದ ಅರ್ಥಶಾಸ್ತ್ರ. ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಕೃಷಿ ಹವಾಮಾನದ ಲೆಕ್ಕದಲ್ಲಿ ಪೂರ್ವ ಒಣ ವಲಯಕ್ಕೆ ಸೇರಿದವು. ಕೆಳಗೆ ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ವರ್ಷವಿಡೀ ಹರಿಯುವ ನದಿ ಇಲ್ಲ. ಕಪಿಲೆ ಹೂಡುತ್ತಿದ್ದ ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿ ಬಂತು, ಅದರ ಹಿಂದೆಯೇ ಪೈಪೋಟಿಯೂ ಬಂತು. ಪಕ್ಕದ ಹೊಲದವನು ಇನ್ನೂರು ಅಡಿ ಆಳಕ್ಕೆ ಕೊರೆಸಿದರೆ ನನ್ನ ಬೋರಿನ ನೀರು ಇಳಿಯುತ್ತದೆ, ನಾನು ಇನ್ನಷ್ಟು ಆಳಕ್ಕೆ ಹೋದರೆ ಅವನದು ಬತ್ತುತ್ತದೆ. ಒಬ್ಬನ ನಿರ್ಧಾರದ ನಷ್ಟ ಇನ್ನೊಬ್ಬನ ಹೆಗಲಿಗೆ ಬೀಳುವ ಈ ಪರಿಯನ್ನು ಅರ್ಥಶಾಸ್ತ್ರಜ್ಞರು ಬಾಹ್ಯ ಪರಿಣಾಮ ಎನ್ನುತ್ತಾರೆ.

ಜಿಕೆವಿಕೆಯ ಎಂ.ಜಿ. ಚಂದ್ರಕಾಂತ್ ಅವರು ಈ ವಿಷಯವನ್ನು ದಶಕಗಳ ಕಾಲ ಬೆನ್ನು ಬಿಡದೆ ಹಿಂಬಾಲಿಸಿದರು. 1990ರಲ್ಲಿ ಜೆಫ್ ರಾಮ್ ಅವರೊಂದಿಗೆ ಅಂತರ್ಜಲ ಬರಿದಾಗುವಿಕೆ ಮತ್ತು ಅದರ ನಿರ್ವಹಣೆಯ ಸಾಂಸ್ಥಿಕ ವ್ಯವಸ್ಥೆಗಳ ಬಗ್ಗೆ ಬರೆದರು, ಎನ್. ನಾಗರಾಜ್ ಅವರೊಂದಿಗೆ ಬಾವಿಗಳ ವೈಫಲ್ಯ ಇಂದಿನ ಬಡ ರೈತನ ಮೇಲೂ ಮುಂದಿನ ತಲೆಮಾರಿನ ಮೇಲೂ ಹೊರಿಸುವ ಭಾರವನ್ನು ಅಳೆದರು. 2015ರಲ್ಲಿ ನೀರಿನ ಸಂಪನ್ಮೂಲ ಅರ್ಥಶಾಸ್ತ್ರದ ಕುರಿತ ಅವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು. ಮುಂದೆ ಐಸೆಕ್‌ನ ನಿರ್ದೇಶಕರೂ ಆದರು. ಅವರ ವಾದದ ತಿರುಳು ತುಂಬ ಸರಳ. ಬೇಸಾಯದ ವೆಚ್ಚದ ಹಳೆಯ ಲೆಕ್ಕದಲ್ಲಿ ಬಾವಿ ಒಂದು ಸ್ಥಿರ ಆಸ್ತಿ, ಹಲವು ವರ್ಷ ಬಾಳುವಂಥದು. ಗಟ್ಟಿ ಬಂಡೆಯ ನಾಡಿನಲ್ಲಿ ಅದು ನಿಜವಲ್ಲ. ಕೊರೆಸಿದ ದಿನವೇ ನೀರು ಸಿಗದೆ ಹೋಗುವುದುಂಟು. ಸಿಕ್ಕರೂ ಎರಡೋ ಮೂರೋ ವರ್ಷಕ್ಕೆ ಕೈಕೊಡುವುದುಂಟು. ಹಾಗಾಗಿ ಬೋರಿನ ಹೂಡಿಕೆಯನ್ನು ಬೀಜ, ಗೊಬ್ಬರದಂತೆ ಬೆಳೆಯ ಮೇಲಿನ ಚಾಲ್ತಿ ಖರ್ಚಾಗಿ ನೋಡಬೇಕು. ನೀರು ಕೊಟ್ಟ ಬೋರಿನ ಖರ್ಚಷ್ಟೇ ಅಲ್ಲ, ವಿಫಲವಾದ ಬೋರುಗಳ ಖರ್ಚೂ ಇದಕ್ಕೆ ಸೇರಬೇಕು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ಒಬ್ಬ ರೈತ ತಲಾ 2 ಲಕ್ಷ ರೂಪಾಯಿಯಂತೆ ಮೂರು ಬೋರು ಕೊರೆಸಿದ. ಎರಡು ಒಣಗಿದವು, ಮೂರನೆಯದು ಐದು ವರ್ಷ ನೀರು ಕೊಟ್ಟಿತು, ಆ ನೀರಿನಿಂದ ಎರಡು ಎಕರೆ ತೋಟ ಬೆಳೆದ. ಹಳೆಯ ಲೆಕ್ಕ ನೀರಿಗೆ ಹೆಚ್ಚೆಂದರೆ ಒಂದು ಬೋರಿನ ಸವಕಳಿಯನ್ನು ಹಿಡಿಯುತ್ತದೆ. ಹೊಸ ಲೆಕ್ಕದಲ್ಲಿ 6 ಲಕ್ಷವನ್ನು ಐದು ವರ್ಷಕ್ಕೆ ಹಂಚಬೇಕು. ಬಡ್ಡಿ ಬಿಟ್ಟೂ ವರ್ಷಕ್ಕೆ 1,20,000, ಎಕರೆಗೆ 60,000 ರೂಪಾಯಿ ಬರಿಯ ನೀರಿನ ಖರ್ಚು. ಟೊಮೆಟೊ ಬೆಲೆ ಚೆನ್ನಾಗಿದ್ದ ವರ್ಷವೂ ರೈತನ ಸಾಲ ತೀರದೆ ಉಳಿಯುವುದೇಕೆಂಬ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ.

ನೀತಿಯ ದೃಷ್ಟಿಯಿಂದ ಇದು ಇಕ್ಕಟ್ಟಿನ ವಿಷಯ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಮೀಟರಿಲ್ಲದ ಕಡೆ ಎಷ್ಟು ನೀರೆತ್ತಿದರೆಂದು ಅಳೆಯಲು ದಾರಿಯಿಲ್ಲ. ಉಚಿತ ವಿದ್ಯುತ್ತೇ ಅಂತರ್ಜಲ ಬರಿದಾಗಲು ಕಾರಣವೆಂದು ನಗರದ ಪತ್ರಿಕೆಗಳು ಸುಲಭವಾಗಿ ತೀರ್ಪು ಕೊಡುತ್ತವೆ. ವೈಫಲ್ಯದ ಖರ್ಚನ್ನು ಸೇರಿಸಿ ನೋಡಿದರೆ ರೈತನ ನೀರು ಪುಕ್ಕಟೆ ಅಲ್ಲವೇ ಅಲ್ಲ, ವಿದ್ಯುತ್ ಬಿಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚನ್ನು ಅವನು ಬಂಡೆಗೆ ಸುರಿದಿರುತ್ತಾನೆ. ಅಂತರ್ಜಲವನ್ನು ನಿಯಂತ್ರಿಸಲು ರಾಜ್ಯದ 2011ರ ಕಾಯಿದೆ ಇದೆ, ಹೊಸ ಬೋರಿಗೆ ಅನುಮತಿ ಬೇಕೆನ್ನುತ್ತದೆ. ಆದರೆ ಮೊದಲೇ ಬೋರಿರುವವನಿಗೆ ಇದರಿಂದ ರಕ್ಷಣೆ ಸಿಕ್ಕಿ, ಇಲ್ಲದವನಿಗೆ ಬಾಗಿಲು ಮುಚ್ಚುತ್ತದೆಯೇ ಎಂಬ ಸಮತೆಯ ಪ್ರಶ್ನೆ ಹಾಗೇ ಉಳಿದಿದೆ.

ಅರ್ಕಾವತಿ ಏಕೆ ಬತ್ತಿತು?

ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೂಲಕ ಹೆಸರಘಟ್ಟಕ್ಕೆ ಬರುವ ಅರ್ಕಾವತಿ ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕುಡಿಸಿದ ಹೊಳೆ. 1890ರ ದಶಕದಿಂದ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಬರುತ್ತಿತ್ತು. ಅದು ಬತ್ತಿದ್ದಕ್ಕೆ ಎಲ್ಲರೂ ಮಳೆಯನ್ನು ದೂರುತ್ತಿದ್ದರು. ಜಕ್ಕೂರಿನಲ್ಲಿರುವ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಇದನ್ನು ಅಪರಾಧ ತನಿಖೆಯಂತೆ ನಡೆಸಿದರು. ಮಳೆ ಕಡಿಮೆಯಾಯಿತೇ, ತಾಪಮಾನ ಏರಿತೇ, ಅಂತರ್ಜಲ ಎತ್ತಿದ್ದೇ, ನೀಲಗಿರಿ ತೋಪುಗಳೇ, ಹಳ್ಳಗಳಿಗೆ ಕಟ್ಟಿದ ಒಡ್ಡುಗಳೇ ಎಂದು ಒಂದೊಂದು ಊಹೆಯನ್ನೂ ಲಭ್ಯ ಅಂಕಿಗಳೊಂದಿಗೆ ತೂಗಿ ನೋಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಳೆಯೂ ತಾಪಮಾನವೂ ಕಾರಣವಲ್ಲ. ಅಂತರ್ಜಲ ಎತ್ತಿದ್ದು, ನೀಲಗಿರಿ ಹಬ್ಬಿದ್ದು ಮುಖ್ಯ ಕಾರಣಗಳು ಎಂಬುದು ಅವರ ನಿಲುವು.

ಇದು ಜಲವಿಜ್ಞಾನದ ಲೇಖನ, ಅರ್ಥಶಾಸ್ತ್ರದ್ದಲ್ಲ ಎನ್ನಬಹುದು. ಆದರೆ ನೀಲಗಿರಿ ಏಕೆ ಹಬ್ಬಿತು ಎಂದು ಕೇಳಿದ ಕೂಡಲೇ ಅದು ಅರ್ಥಶಾಸ್ತ್ರವಾಗುತ್ತದೆ. ರಾಗಿ ಹೊಲಕ್ಕೆ ಆಳು ಸಿಗುವುದಿಲ್ಲ, ಮಕ್ಕಳು ನಗರದ ಕೆಲಸಕ್ಕೆ ಹೋಗಿದ್ದಾರೆ, ಜಮೀನಿನ ಬೆಲೆ ಏರುವವರೆಗೆ ಅದನ್ನು ಕಾಯುತ್ತಾ ಕೂರಲು ನೋಡಿಕೊಳ್ಳುವ ಗೋಜಿಲ್ಲದ ಬೆಳೆ ಬೇಕು. ನೀಲಗಿರಿ ನೆಟ್ಟರೆ ಮುಗಿಯಿತು. ನಗರದ ಕೂಲಿ ಮಾರುಕಟ್ಟೆ ಹಳ್ಳಿಯ ಹೊಳೆಯನ್ನು ಬತ್ತಿಸುವ ದಾರಿ ಇದು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಊರು ಎಲ್ಲಿ ಮುಗಿಯಿತು, ಹಳ್ಳಿ ಎಲ್ಲಿ ಶುರುವಾಯಿತು

ಬೆಂಗಳೂರು ನಗರ ಸಮೂಹದ ಜನಸಂಖ್ಯೆ 2001ರ ಗಣತಿಯಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಉತ್ತರ ದಿಕ್ಕಿನ ಬೆಳವಣಿಗೆಗೆ ಹಿಡಿತವೇ ಇಲ್ಲದಾಯಿತು. ಈ ಬದಲಾವಣೆಯನ್ನು ಅಳೆಯಲು 2016ರಲ್ಲಿ ಜರ್ಮನಿಯ ಗಟಿಂಗನ್, ಕಾಸೆಲ್ ವಿಶ್ವವಿದ್ಯಾಲಯಗಳೂ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತಿತರ ಭಾರತೀಯ ಸಂಸ್ಥೆಗಳೂ ಸೇರಿ ದೊಡ್ಡ ಜಂಟಿ ಸಂಶೋಧನೆ ಆರಂಭಿಸಿದವು. ಭೂಪಟದ ಮೇಲೆ ನಗರದ ಒಳಗಿನಿಂದ ಉತ್ತರಕ್ಕೆ 5 ಕಿಲೋಮೀಟರ್ ಅಗಲ, 50 ಕಿಲೋಮೀಟರ್ ಉದ್ದದ ಒಂದು ಪಟ್ಟಿ ಎಳೆದರು. ನಗರದ ದಕ್ಷಿಣದಲ್ಲೂ ಸುಮಾರು 300 ಚದರ ಕಿಲೋಮೀಟರಿನ ಇನ್ನೊಂದು ಕ್ಷೇತ್ರವನ್ನು ಗುರುತಿಸಿದರು. ವಿಧಾನಸೌಧದಿಂದ ಇರುವ ದೂರ, ಕಟ್ಟಡಗಳು ಆವರಿಸಿದ ನೆಲದ ಪ್ರಮಾಣ, ಇವೆರಡನ್ನೂ ಸೇರಿಸಿದ ಸೂಚ್ಯಂಕದಿಂದ ಹಳ್ಳಿಗಳನ್ನು ವರ್ಗೀಕರಿಸಿದರು. ಮಣ್ಣು, ಬೆಳೆ, ದನ, ಆಹಾರ, ಕೂಲಿ, ಮಾರುಕಟ್ಟೆ ಎಲ್ಲವನ್ನೂ ಅದೇ ಹಳ್ಳಿಗಳಲ್ಲಿ ಬೇರೆ ಬೇರೆ ವಿಷಯತಜ್ಞರು ಅಧ್ಯಯನ ಮಾಡಿದ್ದೇ ಈ ಕೆಲಸದ ಹೆಚ್ಚುಗಾರಿಕೆ.

ನಗರದಿಂದ ದೂರ ಹೋದಂತೆಲ್ಲ ಹಳ್ಳಿತನ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿ ನಿಲ್ಲಲಿಲ್ಲ. ಲಿಂಡಾ ಸ್ಟೈನ್‌ಹ್ಯೂಬೆಲ್ ಮತ್ತು ಸ್ಟೆಫಾನ್ ಫಾನ್ ಕ್ರಾಮೋನ್ ಅವರ ಅಧ್ಯಯನ ತೋರಿಸಿದಂತೆ, ರೈತ ಹೊಸ ಬಗೆಯ ಬೇಸಾಯಕ್ಕೆ ತಿರುಗುವುದನ್ನು ಮಹಾನಗರವೊಂದೇ ತೀರ್ಮಾನಿಸುವುದಿಲ್ಲ. ಹತ್ತಿರದ ಸಣ್ಣ ಪಟ್ಟಣ, ಅಲ್ಲಿಗಿರುವ ರಸ್ತೆ ಅಷ್ಟೇ ಮುಖ್ಯ. ದೊಡ್ಡಬಳ್ಳಾಪುರವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮಗ್ಗದ ಊರು, ಕೈಗಾರಿಕೆಯ ಊರು, ಸಂತೆಯ ಊರು ಆಗಿರುವ ಅದು ಬೆಂಗಳೂರಿನ ನೆರಳಲ್ಲಿದ್ದೂ ತನ್ನದೇ ಸುತ್ತಿನ ಹಳ್ಳಿಗಳನ್ನು ಸೆಳೆದಿಟ್ಟುಕೊಂಡಿದೆ.

ಹಾಲು ಈ ಪಟ್ಟಿಯ ಇನ್ನೊಂದು ಅಚ್ಚರಿ. ಜಮೀನು ಲೇಔಟ್ ಆದ ಮೇಲೂ ಹಸು ಉಳಿಯುತ್ತದೆ. ಯಲಹಂಕದಲ್ಲಿ ಮದರ್ ಡೇರಿ ಇದೆ, ಹಳ್ಳಿಹಳ್ಳಿಯಲ್ಲಿ ಸಹಕಾರ ಸಂಘವಿದೆ, ಡೇರಿಗೆ ಹಾಲು ಹಾಕಿದರೆ ಬಟವಾಡೆ ನಿಶ್ಚಿತ. ರಾಜ್ಯ ಸರ್ಕಾರ 2008ರಿಂದ ಲೀಟರಿಗೆ 2 ರೂಪಾಯಿ, 2013ರಿಂದ 4 ರೂಪಾಯಿ, ಮುಂದೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತ ಬಂದಿದೆ. ಮೇವು ಎಲ್ಲಿಂದ ಎಂದು ಕೇಳಿದರೆ ಕೆರೆಯಂಗಳದತ್ತ ಕೈ ತೋರಿಸುತ್ತಾರೆ. ಕೆರೆಗೆ ಬರುವುದು ಬಹುಮಟ್ಟಿಗೆ ನಗರದ ಬಚ್ಚಲ ನೀರು, ಹುಲ್ಲು ಬೆಳೆಯುವುದು ಅದರಿಂದ, ಹುಲ್ಲು ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಕೆರೆಗೆ ಬೇಲಿ ಹಾಕಿ ನಡಿಗೆದಾರಿ ಮಾಡಿದಾಗ ಈ ಮೇವಿನ ಬಾಬು ಯಾವ ಯೋಜನಾ ವರದಿಯಲ್ಲೂ ನಷ್ಟವಾಗಿ ಕಾಣುವುದಿಲ್ಲ. ಅದನ್ನು ಕಾಣುವಂತೆ ಮಾಡುವುದು ಸಂಶೋಧಕನ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ.

ಕೊಳಚೆ ನೀರು, ಕೆರೆ, ಕೆಳಗಿನ ಊರು

ಜಕ್ಕೂರು ಕೆರೆಯ ಮೇಲ್ಭಾಗದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕ ಕಟ್ಟಿ, ಅಲ್ಲಿಂದ ಬರುವ ನೀರು ಜೊಂಡು ಬೆಳೆದ ಜೌಗಿನ ಮೂಲಕ ಇಳಿದು ಕೆರೆ ಸೇರುವಂತೆ ಮಾಡಿದ್ದು ದೇಶದ ಹಲವೆಡೆ ಉದಾಹರಣೆಯಾಗಿ ಚರ್ಚೆಯಾಯಿತು. ಮೀನುಗಾರರು, ಮೇವು ಕೊಯ್ಯುವವರು, ಸುತ್ತಲಿನ ಬಾವಿಗಳು, ನಡೆದಾಡುವವರು ಎಲ್ಲರಿಗೂ ಅದರಿಂದ ಸಿಗುವ ಪ್ರಯೋಜನಕ್ಕೆ ಬೆಲೆ ಕಟ್ಟುವುದು ನೀತಿ ಅಧ್ಯಯನದ ವಸ್ತುವಾಯಿತು.

ಇದರ ದೊಡ್ಡ ರೂಪ ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ದಿನಕ್ಕೆ 21 ಕೋಟಿ ಲೀಟರ್ ಸಂಸ್ಕರಿಸಿದ ನೀರನ್ನು ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಸುತ್ತಲಿನ 65 ಕೆರೆಗಳಿಗೆ ಹರಿಸುವುದು ಇದರ ಗುರಿ. ಕೋಲಾರಕ್ಕೆ ಹೋಗುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯದು 44 ಕೋಟಿ ಲೀಟರ್. ಬತ್ತಿದ ಬೋರುಗಳಲ್ಲಿ ನೀರು ಮರಳಿದ್ದನ್ನು ರೈತರು ಸಂತೋಷದಿಂದ ಹೇಳುತ್ತಾರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಅದೇ ಜಿಲ್ಲೆಗಳ ಹೋರಾಟಗಾರರು ಪಟ್ಟು ಹಿಡಿದಿದ್ದಾರೆ. ಎರಡೂ ಮಾತು ನಿಜವಾಗಿರಬಹುದು. ಮೂರನೆಯ ಹಂತದ ಖರ್ಚು ಯಾರದು, ನೀರು ಕೊಟ್ಟ ನಗರದ್ದೇ, ಪಡೆದ ಜಿಲ್ಲೆಯದೇ ಎಂಬಲ್ಲಿ ಅರ್ಥಶಾಸ್ತ್ರಜ್ಞನ ಕೆಲಸ ಶುರುವಾಗುತ್ತದೆ. ಕೊಳಕು ಮಾಡಿದವರೇ ತೊಳೆಯುವ ಖರ್ಚು ಹೊರಬೇಕೆಂಬುದು ಪರಿಸರ ಅರ್ಥಶಾಸ್ತ್ರದ ಮೊದಲ ಪಾಠ. ಕೋಲಾರದ ಕೆರೆಯೊಂದರ ದಂಡೆಯಲ್ಲಿ ನಿಂತಾಗ ಅದು ತುಂಬ ಸರಿಯಾದ ಪಾಠವೆನಿಸುತ್ತದೆ.

ಯಶವಂತಪುರದ ಮಂಡಿ

ಕೃಷಿ ಮಾರುಕಟ್ಟೆಯ ಅಧ್ಯಯನಕ್ಕೆ ಯಶವಂತಪುರದ ಎಪಿಎಂಸಿ ಅಂಗಳ ಬೆಂಗಳೂರಿನ ವಿದ್ಯಾರ್ಥಿಗಳ ಪ್ರಯೋಗಶಾಲೆ. ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಅಕ್ಕಿ, ಬೇಳೆ, ಬೆಲ್ಲ. ಮಂಡಿ ಮಾಲೀಕ, ದಲ್ಲಾಳಿ, ಖರೀದಿದಾರ, ಹಮಾಲಿ, ಲಾರಿಯವನು. ಈ ಸರಪಣಿಯಲ್ಲಿ ಗ್ರಾಹಕ ಕೊಟ್ಟ ರೂಪಾಯಿಯಲ್ಲಿ ರೈತನಿಗೆ ಮುಟ್ಟಿದ್ದೆಷ್ಟು ಎಂಬುದು ಎಷ್ಟೋ ಸ್ನಾತಕೋತ್ತರ ಪ್ರಬಂಧಗಳ ವಸ್ತು. 1966ರ ಕಾಯಿದೆಯ ಪ್ರಕಾರ ಕಮಿಷನ್ ಕೊಡಬೇಕಾದವನು ಖರೀದಿದಾರ. ಹಣ್ಣು ತರಕಾರಿಯಲ್ಲಿ ರೈತನ ಹಣದಿಂದಲೇ ಅದನ್ನು ಮುರಿದುಕೊಳ್ಳುವ ರೂಢಿ ಹಳೆಯದು. ಅಧಿಕೃತ ರಸೀತಿಯ ಬದಲು ಬಿಳಿ ಚೀಟಿ ಕೊಡುವುದೂ ಹಾಗೆಯೇ. ಚೀಟಿಯ ಮೇಲೆ ನಡೆದ ವ್ಯಾಪಾರ ಅಂಕಿಅಂಶಕ್ಕೆ ಸಿಗುವುದಿಲ್ಲವಾದ್ದರಿಂದ ದಾಖಲಾದ ಬೆಲೆಯನ್ನು ಕಣ್ಣುಮುಚ್ಚಿ ನಂಬುವ ಸಂಶೋಧನೆ ತಪ್ಪುದಾರಿ ಹಿಡಿಯುತ್ತದೆ.

ಮಧ್ಯವರ್ತಿಯ ಕೈಯಿಂದ ಬೆಳೆಗಾರನನ್ನು ಬಿಡಿಸಿಕೊಳ್ಳುವ ಪ್ರಯತ್ನ ಈ ಸೀಮೆಯಲ್ಲಿ ಹೊಸದಲ್ಲ. ದ್ರಾಕ್ಷಿ ಬೆಳೆಗಾರರಿಗಾಗಿ ತೋಟಗಾರಿಕೆ ನಿರ್ದೇಶಕ ಎಂ.ಎಚ್. ಮರಿಗೌಡರ ಮುಂದಾಳುತನದಲ್ಲಿ 1959ರಲ್ಲಿ ಹುಟ್ಟಿದ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು. ಭೌಗೋಳಿಕ ಸೂಚಕ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವುದು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯಲ್ಲೇ.

2014ರಲ್ಲಿ ರಾಜ್ಯ ಸರ್ಕಾರ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿಯ ಮೂಲಕ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. ಒಂದೇ ಪರವಾನಗಿಯಿಂದ ಯಾವ ಊರಿನ ಮಾರುಕಟ್ಟೆಯಲ್ಲಾದರೂ ವ್ಯಾಪಾರಿ ಕಂಪ್ಯೂಟರಿನಲ್ಲಿ ಟೆಂಡರ್ ಹಾಕಬಹುದು. ದೇಶಮಟ್ಟದ ಇ-ನಾಮ್ ಬಂದದ್ದು ಇದರ ನಂತರ, 2016ರಲ್ಲಿ. ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ, ಯಾನ್‌ಚಾಂಗ್ ಝೆಂಗ್ ಮೊದಲಾದವರು ಈ ವೇದಿಕೆಯನ್ನು ಅಧ್ಯಯನ ಮಾಡಿ 2020ರಲ್ಲಿ ಕೊಟ್ಟ ಫಲಿತಾಂಶದ ಪ್ರಕಾರ ಭತ್ತದ ಬೆಲೆ ಶೇ. 5.1, ಶೇಂಗಾ ಶೇ. 3.6, ಮುಸುಕಿನ ಜೋಳ ಶೇ. 3.5ರಷ್ಟು ಏರಿತ್ತು, ಎಲ್ಲ ಬೆಳೆಗಳಿಗೂ ಈ ಲಾಭ ಸಿಗಲಿಲ್ಲ. ಖರೀದಿದಾರರು ಎಷ್ಟು ಮಂದಿ, ಸಾಗಣೆ ಎಷ್ಟು ಸುಲಭ, ಟೆಂಡರ್ ಹೇಗೆ ನಡೆಯುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಮೂರೇ ಜನ ಖರೀದಿದಾರರಿರುವ ಮಾರುಕಟ್ಟೆಗೆ ಕಂಪ್ಯೂಟರ್ ತಂದಿಟ್ಟರೆ ಆ ಮೂವರು ನಾಲ್ವರಾಗುವುದಿಲ್ಲ.

ಜಮೀನಿನ ಬೆಲೆ, ಜಮೀನಿನ ಮೌಲ್ಯ

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅರ್ಥಶಾಸ್ತ್ರಜ್ಞ ನರೇಂದರ್ ಪಾಣಿ ಅವರು ಕರ್ನಾಟಕದ ಭೂಶಾಸನಗಳ ಕುರಿತು 1983ರಲ್ಲೇ ಪುಸ್ತಕ ಬರೆದವರು. ಮುಂದೆ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳ ಬದುಕನ್ನೂ ಅಧ್ಯಯನ ಮಾಡಿದರು. ಭೂಸುಧಾರಣೆಯಿಂದ ಗಾರ್ಮೆಂಟ್ ಕಾರ್ಖಾನೆಯವರೆಗಿನ ಈ ದಾರಿ ಉತ್ತರ ಬೆಂಗಳೂರಿನ ಸುತ್ತಲ ಎಷ್ಟೋ ಕುಟುಂಬಗಳು ನಡೆದ ದಾರಿಯೇ.

ಕೃಷಿಕರಲ್ಲದವರು ಜಮೀನು ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಅದಕ್ಕೂ ಮೊದಲಿನಿಂದ ಸರ್ಕಾರವೇ ಇಲ್ಲಿ ದೊಡ್ಡ ಕೊಳ್ಳುಗ. ಅರ್ಕಾವತಿ ಬಡಾವಣೆಗೆ 16 ಹಳ್ಳಿಗಳಲ್ಲಿ 2,750 ಎಕರೆ, ಡಾ. ಶಿವರಾಮ ಕಾರಂತ ಬಡಾವಣೆಗೆ ಯಲಹಂಕದ ಕಡೆಯ 17 ಹಳ್ಳಿಗಳಲ್ಲಿ 3,546 ಎಕರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗಾಗಿ ತೆಗೆದುಕೊಳ್ಳುವುದರ ವಿರುದ್ಧ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು.

ಪರಿಹಾರ ಎಷ್ಟು ಎಂಬುದರ ಸುತ್ತಲೇ ಚರ್ಚೆ ಸುತ್ತುತ್ತದೆ; ಯಾರಿಗೆ ಎಂಬುದು ಅದಕ್ಕಿಂತ ಮುಖ್ಯ. ಪಹಣಿಯಲ್ಲಿ ಹೆಸರಿರುವವರಿಗೆ ಪರಿಹಾರ ಬರುತ್ತದೆ. ಕೋರಿಗೆ ಮಾಡುತ್ತಿದ್ದವನಿಗೆ, ಹೂವು ಬಿಡಿಸಲು ಬರುತ್ತಿದ್ದ ಕೂಲಿಯಾಕೆಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಪಹಣಿ ಇಲ್ಲ. 2013ರ ಕೇಂದ್ರ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿ, ಜಮೀನಿಲ್ಲದೆ ಜಮೀನನ್ನು ನಂಬಿ ಬದುಕುವವರನ್ನೂ ಬಾಧಿತರೆಂದು ಗುರುತಿಸಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನ ನಡೆಯುವುದು 1966ರ ರಾಜ್ಯ ಕಾಯಿದೆಯಡಿ. ಈ ಎರಡರ ನಡುವಿನ ಅಂತರವನ್ನು ಹಳ್ಳಿಯೊಂದರಲ್ಲಿ ಮನೆಮನೆಗೆ ಹೋಗಿ ಅಳೆಯುವ ಕೆಲಸ ಇನ್ನೂ ಹೆಚ್ಚಾಗಿ ನಡೆಯಬೇಕು.

ಇಂಧನ

ಯಶವಂತಪುರಕ್ಕೆ ಅಂಟಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಅಳೆದಾಗ ಬಹುಪಾಲು ಅಡುಗೆಗೆ, ಅದೂ ಸೌದೆಯಿಂದ ಎಂದು ತಿಳಿಯಿತು. ಸೌದೆಗೆ ದುಡ್ಡು ಕೊಡಬೇಕಿಲ್ಲ; ಹೆಂಗಸರು ಮಕ್ಕಳು ನಡೆದು ಹೊತ್ತು ತರುವ ಗಂಟೆಗಳು ಯಾವ ಇಂಧನ ಯೋಜನೆಯಲ್ಲೂ ಇರಲಿಲ್ಲ. ಪುರದಲ್ಲಿ ಸಮುದಾಯದ ಗೋಬರ್ ಅನಿಲ ಘಟಕದಿಂದ ಅಡುಗೆಗೆ ಅನಿಲ ಕೊಡುವ ಮೊದಲ ಪ್ರಯತ್ನ ನಿಲ್ಲಲಿಲ್ಲ. 1987ರಿಂದ ಅದೇ ಅನಿಲದಿಂದ ವಿದ್ಯುತ್ ಉತ್ಪಾದಿಸಿ ದೀಪಕ್ಕೂ ಕುಡಿಯುವ ನೀರಿಗೂ ಬಳಸಿದಾಗ ಊರು ಒಪ್ಪಿಕೊಂಡಿತು. ಸಗಣಿ ತಂದು ಹಾಕಿದವರಿಗೆ ಹಣ, ಬಗ್ಗಡ ವಾಪಸು. ವಿ.ಎಸ್. ಅರುಣಾಚಲಂ ಅವರು ಸ್ಥಾಪಿಸಿದ, ನಾಗಶೆಟ್ಟಿಹಳ್ಳಿಯಲ್ಲಿರುವ ವಿಜ್ಞಾನ, ತಂತ್ರಜ್ಞಾನ ಮತ್ತು ನೀತಿ ಅಧ್ಯಯನ ಕೇಂದ್ರ (ಸಿಸ್ಟೆಪ್) ಇಂದು ಸೌರಶಕ್ತಿ, ವಾಯುಮಾಲಿನ್ಯ, ಹವಾಮಾನ ಬದಲಾವಣೆಯ ನೀತಿಗಳ ಮೇಲೆ ಕೆಲಸ ಮಾಡುತ್ತಿದೆ.

ಭಾಷೆ ಮತ್ತು ಅಳತೆ

ಈ ಅಧ್ಯಯನಗಳ ಪ್ರಶ್ನೆಗಳನ್ನು ಕೇಳುವುದು ಕನ್ನಡದಲ್ಲಿ, ಎಷ್ಟೋ ಹಳ್ಳಿಗಳಲ್ಲಿ ತೆಲುಗಿನಲ್ಲಿ, ಪ್ರಕಟವಾಗುವುದು ಇಂಗ್ಲಿಷಿನಲ್ಲಿ. ಆ ದಾಟುವಿಕೆಯಲ್ಲಿ ಅಳತೆಗಳು ಬದಲಾಗುತ್ತವೆ. ರೈತ ತನ್ನ ಬೋರು ‘ಎರಡು ಇಂಚು ನೀರು’ ಕೊಡುತ್ತದೆ ಎನ್ನುತ್ತಾನೆ. ಸಂಶೋಧಕ ಅದನ್ನು ಗಂಟೆಗೆ ಇಷ್ಟು ಗ್ಯಾಲನ್ ಎಂದು ಬರೆದುಕೊಳ್ಳಬೇಕು. ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಒಬ್ಬರು ದುಡಿಯುವ ‘ಮುಯ್ಯಾಳು’ ಎಂಬ ಬಾಬಿಗೆ ಕೋಷ್ಟಕದಲ್ಲಿ ಮನೆಯಾಳು, ಕೂಲಿಯಾಳು ಎಂಬ ಎರಡೇ ಅಂಕಣಗಳ ನಡುವೆ ಜಾಗ ಹುಡುಕಬೇಕು. ಜಿಕೆವಿಕೆಯ ಕೃಷಿಮೇಳಕ್ಕೆ ಪ್ರತಿ ವರ್ಷ ಬರುವ ಲಕ್ಷಾಂತರ ರೈತರಿಗೆ ತಳಿ, ಯಂತ್ರ, ಗೊಬ್ಬರದ ಮಾಹಿತಿ ಕನ್ನಡದ ಕರಪತ್ರದಲ್ಲಿ ಸಿಗುತ್ತದೆ. ಬತ್ತಿದ ಬೋರಿನ ಖರ್ಚನ್ನು ಬೆಳೆಯ ಲೆಕ್ಕಕ್ಕೆ ಹೇಗೆ ಸೇರಿಸಬೇಕೆಂಬ ಒಂದು ಪುಟವೂ ಅಲ್ಲಿ ಅವರ ಕೈಸೇರಬೇಕು. ಆ ಲೆಕ್ಕ ಹುಟ್ಟಿದ್ದು ಅವರ ಹೊಲಗಳಲ್ಲೇ.